ಜೊತೆಯಲ್ಲಿ ಬಂದವರು

ಕಾವಲಿನವನ ಮೇಜಿನ ಬಳಿ ತಾನು ನಿಲ್ಲಲೇ ಇಲ್ಲ ಎಂಬುದು ಇಲ್ಡಾಳಿಗೆ ಹೊಳೆದದ್ದು ಲಿಫ್ಟಿನ ಬಾಗಿಲು ಮುಚ್ಚುವ ಹೊತ್ತಿಗೆ. ಪಕ್ಕದಲ್ಲಿ ಜುರೇಮಾ ಇರಲಿಲ್ಲ. ಕೈ ಅಡ್ಡ ಹಿಡಿದು ಬಾಗಿಲನ್ನು ತಡೆದು ನೋಡಿದರೆ, ಅಕ್ಕ ಇನ್ನೂ ಆ ಮೇಜಿನ ಮುಂದೆಯೇ ನಿಂತಿದ್ದಳು. ಕಂದು ಕೋಟಿನ ಗುಂಡಿಗಳನ್ನೆಲ್ಲ ಕತ್ತಿನವರೆಗೂ ಹಾಕಿಕೊಂಡು, ಗುರುತಿನ ಚೀಟಿಯನ್ನು ಅವನ ಕೈಗೆ ಕೊಟ್ಟು, ಅವನು ಅದರ ಎರಡೂ ಬದಿಯನ್ನು ತಿರುಗಿಸಿ ತಿರುಗಿಸಿ ನೋಡುವುದನ್ನು ತಾನೂ ನೋಡುತ್ತ, ಯಾವ ಆತುರವೂ ಇಲ್ಲದವಳಂತೆ. "ಎಲ್ಲಿಗೆ ಹೋಗ್ಬೇಕು ನೀನು?" ಎಂದು ಅವನು ಕೇಳುತ್ತಿದ್ದ. ಒಂದು ನಿಮಿಷದ ಹಿಂದೆ ಅದೇ ಮನುಷ್ಯ ಕುರ್ಚಿಯಿಂದ ಅರ್ಧ ಎದ್ದು, "ಬನ್ನಿ ದೊನಾ, ಲಿಫ್ಟು ಬಲಗಡೆ ಇದೆ" ಎಂದು ಅಮ್ಮಾವ್ರೇ ಎನ್ನುವ ಗೌರವದಿಂದ ಇಲ್ಡಾಳನ್ನು ಒಳಗೆ ಬಿಟ್ಟಿದ್ದ. ತಾನು ಯಾರೆಂದು ಅವನಿಗೂ ಗೊತ್ತಿರಲಿಲ್ಲ, ತಾನೂ ಹೇಳಿರಲಿಲ್ಲ. "ಕಣ್ಣಿನ ಡಾಕ್ಟರ ಹತ್ರ, ಏಳನೇ ಮಹಡಿ. ಅಗೋ, ಅಲ್ಲಿದಾಳಲ್ಲ, ಅವಳ ಜೊತೆ ಬಂದಿದೀನಿ" ಎಂದಳು ಜುರೇಮಾ. ಅವನು ಲಿಫ್ಟಿನ ಕಡೆ ನೋಡಿದ. ಇಲ್ಡಾ ನಕ್ಕಳು. "ಹೌದು ಹೌದು, ನನ್ನ ಜೊತೆಗೇ" ಎಂದಳು. ಚೀಟಿ ವಾಪಸು ಬಂತು. ಯಾವುದೋ ಸಾಮಾನಿಗೆ ರುಜು ಹಾಕಿ ಬಿಡಿಸಿಕೊಂಡ ಹಾಗಾಯಿತಲ್ಲ ಎಂದು ಆ ನಗು ಮುಖದಿಂದ ಇಳಿಯುವ ಮೊದಲೇ ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲಿಗೇ ಬಿಟ್ಟಳು.

"ಹೊಸಬ ಇರ್ಬೇಕು, ಪಾಪ" ಎಂದಳು ಲಿಫ್ಟು ಮೇಲೇರುವಾಗ. ಜುರೇಮಾ "ಹ್ಞೂಂ" ಎಂದು, ಚೀಟಿಯನ್ನು ಕೈಚೀಲಕ್ಕೆ ಹಾಕದೆ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಳು. ಲಿಫ್ಟಿನ ಕನ್ನಡಿಯಲ್ಲಿ ಇಬ್ಬರೂ ಕಾಣುತ್ತಿದ್ದರು. ಒಂದೇ ಮೂಗು, ಒಂದೇ ಎತ್ತರ, ನಡುವೆ ನಾಲ್ಕು ವರ್ಷ. ಇಲ್ಡಾಳ ಮೈಮೇಲೆ ಮೊಣಕೈ ಸವೆದ ಸ್ವೆಟರು, ಕಾಲಲ್ಲಿ ಮನೆಯಂಗಳಕ್ಕೆ ಹಾಕುವ ಬೂಟು. ಜುರೇಮಾ ಇಗರ್ಜಿಗೆ ಹೋಗುವವಳಂತೆ ಮುತ್ತಿನ ಓಲೆ ಹಾಕಿ, ತುಟಿಗೆ ಬಣ್ಣ ಹಚ್ಚಿ, ಕೂದಲನ್ನು ಒಂದು ಎಳೆಯೂ ಹೊರಗೆ ಬಾರದಂತೆ ಕಟ್ಟಿಕೊಂಡಿದ್ದಳು. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಇಲ್ಡಾ ರೇಗಿಸಿದ್ದಳು: "ಕಣ್ಣು ತೋರಿಸ್ಕೊಳ್ಳೋಳು ನಾನು, ಮದುವಣಗಿತ್ತಿ ಹಂಗೆ ಹೊರಟಿರೋಳು ನೀನು." ಈ ಮಾತನ್ನು ಅವಳು ನಲವತ್ತು ವರ್ಷದಿಂದ ಬೇರೆ ಬೇರೆ ರೀತಿಯಲ್ಲಿ ಹೇಳುತ್ತ ಬಂದಿದ್ದಳು. ಬ್ರೆಡ್ಡು ತರಲು ಹೋಗುವಾಗಲೂ ಇಸ್ತ್ರಿ ಮಾಡಿದ ಲಂಗ ಹಾಕುವ ಅಕ್ಕನ ಠೀವಿ ಇಡೀ ಮನೆತನಕ್ಕೆ ಒಂದು ತಮಾಷೆ. "ಇಬ್ಬರಲ್ಲಿ ಒಬ್ರಾದ್ರೂ ನೆಟ್ಟಗಿರ್ಬೇಕಲ್ಲ" ಎಂದಿದ್ದಳು ಜುರೇಮಾ.

ಏಳನೆಯ ಮಹಡಿಯಲ್ಲಿ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೇಜಿನ ಹಿಂದಿದ್ದ ಹುಡುಗಿ ಉದ್ದ ಉಗುರಿನ ತುದಿಯಿಂದ ಕಂಪ್ಯೂಟರಿನ ಗುಂಡಿಗಳನ್ನು ಒತ್ತುತ್ತ, ಇಲ್ಡಾಳ ಹೆಸರು, ವಯಸ್ಸು, ವಿಳಾಸ ಕೇಳಿಕೊಂಡಳು. ಯಾವುದಾದರೂ ಮದ್ದು ಒಗ್ಗುವುದಿಲ್ಲವೇ ಎಂದಾಗ ಇಲ್ಡಾ ಇಲ್ಲವೆಂದಳು. ಕಣ್ಣಿಗೆ ಹನಿ ಹಾಕಿದ ಮೇಲೆ ಒಬ್ಬರೇ ನಡೆದು ಹೋಗುವ ಹಾಗಿಲ್ಲ, ಜೊತೆಯಲ್ಲಿ ಯಾರು ಬಂದಿದ್ದಾರೆ ಎಂದಾಗ, "ಇವರು" ಎಂದು ಪಕ್ಕಕ್ಕೆ ತೋರಿಸಿದಳು. ಹುಡುಗಿ ಕತ್ತೆತ್ತಿ ನೋಡಿ, ಮುಖವರಳಿಸಿದಳು. "ಓ, ಒಳ್ಳೇದಾಯ್ತು. ಎಷ್ಟು ವರ್ಷದಿಂದ ಇದಾಳೆ ನಿಮ್ಮನೇಲಿ? ಈಗ ನಂಬಿಕಸ್ಥರು ಸಿಗೋದೇ ಇಲ್ಲ ನೋಡಿ. ನಮ್ಮಮ್ಮ ಈ ವರ್ಷ ಮೂರು ಜನರನ್ನ ಬದಲಾಯಿಸಿದ್ರು." ಇಲ್ಡಾ ಬಾಯಿ ತೆರೆದಳು. ಆಗ ಮೊಣಕೈಯ ಕೆಳಗೆ ಅಕ್ಕನ ಕೈ ಒಂದು ಸಲ ಅದುಮಿದಂತಾಯಿತು. ಬಿಡು, ಹೋಗಲಿ, ಎಂದು ಆ ಕೈ ಹೇಳಿತೆಂದು ಇಲ್ಡಾ ಅರ್ಥ ಮಾಡಿಕೊಂಡಳು. ಅರ್ಥ ಮಾಡಿಕೊಂಡ ಕೂಡಲೇ ಎದೆ ಹಗುರವಾಯಿತು. ಆ ಹಗುರವನ್ನು ಆಮೇಲೆ ದಿನವಿಡೀ ಅವಳಿಗೆ ಕ್ಷಮಿಸಿಕೊಳ್ಳಲು ಆಗಲಿಲ್ಲ. "ತುಂಬಾ ವರ್ಷದಿಂದ" ಎಂದಳು. ಸುಳ್ಳೇನಲ್ಲ; ಹುಟ್ಟಿದಾಗಿನಿಂದ. ಹುಡುಗಿ ಜುರೇಮಾಳಿಗೆ ಹೊರಗಿನ ಓಣಿಯನ್ನು ತೋರಿಸಿ, "ನೀನು ಅಲ್ಲಿ ಕೂತ್ಕೊಂಡಿರು, ಬೇಕಾದಾಗ ಕರೀತೀವಿ" ಎಂದಳು. ದನಿಯಲ್ಲಿ ಒರಟುತನವೇನೂ ಇರಲಿಲ್ಲ. ಒರಟಾಗಿದ್ದರೆ ತಾನು ಏನಾದರೂ ಹೇಳಿಬಿಡುತ್ತಿದ್ದೆನೇ ಎಂದು ಇಲ್ಡಾ ಸೋಫಾದ ಮೇಲೆ ಕುಳಿತು ಯೋಚಿಸಿದಳು. ಅವಳ ಕೈಗೆ ಯಾರೋ ಪುಟ್ಟ ಲೋಟದಲ್ಲಿ ಕಾಫಿ ಕೊಟ್ಟರು. ಗಾಜಿನ ಬಾಗಿಲಿನ ಆಚೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಜುರೇಮಾ ಮಂಡಿಗಳನ್ನು ಕೂಡಿಸಿ, ಚೀಲವನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಎರಡೂ ಕೈ ಇಟ್ಟು ಕುಳಿತಿದ್ದಳು. ಓಣಿಯಲ್ಲಿ ಚಳಿ ಇರಬೇಕು. ಚಳಿಗಾಲದ ಜೂನ್ ತಿಂಗಳ ಪೆಲೋಟಸ್‌ನಲ್ಲಿ ಬಿಸಿಲಿಗೂ ಒದ್ದೆ ಆರುವುದಿಲ್ಲ. ಒಂದು ಲೋಟ ಕಾಫಿಯನ್ನು ಅಲ್ಲಿಗೆ ಒಯ್ದು ಕೊಡಬಹುದು. ಕೊಟ್ಟರೆ ಹುಡುಗಿ ನೋಡುತ್ತಾಳೆ. ಎಂಥ ಒಳ್ಳೆಯ ಯಜಮಾನಿ ಅಂದುಕೊಳ್ಳುತ್ತಾಳೆ. ಅದಕ್ಕಿಂತ ಒಯ್ಯದಿರುವುದೇ ವಾಸಿ ಎಂಬ ತರ್ಕ ಮಾಡಿ, ಆ ತರ್ಕ ಎಷ್ಟು ಅನುಕೂಲದ್ದು ಎಂದು ತನಗೇ ತಿಳಿಯುವಷ್ಟರಲ್ಲಿ ತನ್ನ ಕಾಫಿ ಮುಗಿದಿತ್ತು.

ದಾದಿಯೊಬ್ಬಳು ಬಂದು ತಲೆ ಹಿಂದಕ್ಕೆ ಬಾಗಿಸಿ ಹನಿ ಹಾಕಿದಳು, ಕತ್ತಲೆಯ ಕೋಣೆಯಲ್ಲಿ ಕೂರಿಸಿದಳು. ಕಣ್ಣು ಮುಚ್ಚಿಕೊಂಡರೂ ಉರಿ. ಉರಿಯ ಒಳಗಿನಿಂದ ಒಂದು ತಗಡಿನ ಡಬ್ಬ ಕಾಣಿಸಿಕೊಂಡಿತು, ಮುಚ್ಚಳದ ಮೇಲೆ ನೀಲಿ ಹೂವು. ಅದರೊಳಗೆ ಅಮ್ಮ ಮಾಡಿದ ತೆಂಗಿನಕಾಯಿ, ಮೊಟ್ಟೆಯ ಹಳದಿಯ ಸಿಹಿ. ಊರಿನ ದೊಡ್ಡ ಮನೆಗಳ ಮದುವೆಗೆಲ್ಲ ಅಮ್ಮನದೇ ಸಿಹಿ. ಶಾಲೆಯ ವರ್ಷ ಮುಗಿಯುವ ದಿನ ಟೀಚರಿಗೆ ಕೊಡಲೆಂದು ಅಮ್ಮ ಅದನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಇಲ್ಡಾಳಿಗೆ ಏಳು ವರ್ಷ. ಬೆಟ್ಟದ ಕಡೆಯ ಜರ್ಮನ್ ವಂಶದ ಅಪ್ಪನ ಕೂದಲು, ಅಪ್ಪನ ಬಿಳಿ ಚರ್ಮ ತನಗೆ; ಅಮ್ಮನ ಕಪ್ಪು ಬಣ್ಣ ಅಕ್ಕನಿಗೆ. ಟೀಚರು ತಿರುಗಿ ನೋಡಿ, ತುಂಬ ಅಕ್ಕರೆಯಿಂದ, "ಇಲ್ಡಾ, ನಿಮ್ಮನೆ ಕೆಲಸದವಳು ಬಂದಿದಾಳೆ ನೋಡಮ್ಮ, ಕರ್ಕೊಂಡು ಹೋಗಕ್ಕೆ" ಎನ್ನುತ್ತಾರೆ. ಇಲ್ಡಾ ಚೀಲ ಎತ್ತಿಕೊಂಡು, ತಲೆಯಾಡಿಸುತ್ತಾಳೆ. ಬಾಯಿಬಿಟ್ಟು ಏನೂ ಹೇಳಿಲ್ಲ. ಬರೀ ತಲೆ ಮೇಲೆ ಕೆಳಗೆ. ದಾರಿಯುದ್ದಕ್ಕೂ ಅಮ್ಮನ ಕೈ ಬೆಚ್ಚಗಿತ್ತು. ಎದುರಾದ ನಾಯಿಗಳನ್ನೂ ಮಾತಾಡಿಸುತ್ತಿದ್ದ ಅಮ್ಮ ಅಂದು ಏನನ್ನೂ ಮಾತಾಡಿಸಲಿಲ್ಲ. ಆ ಮಾತು ಅಮ್ಮನಿಗೆ ಕೇಳಿಸಿತ್ತೇ ಇಲ್ಲವೇ ಎಂಬುದನ್ನು ಇಲ್ಡಾ ಐವತ್ತೊಂಬತ್ತು ವರ್ಷ ಯಾರನ್ನೂ ಕೇಳಿಲ್ಲ. ಅಮ್ಮ ಸತ್ತು ಇಪ್ಪತ್ತು ವರ್ಷವಾಯಿತು. ಗಂಡನಿಗೂ ಹೇಳಿರಲಿಲ್ಲ, ಪಾದ್ರಿಯ ಮುಂದೆ ಮಂಡಿಯೂರಿದಾಗಲೂ ಹೇಳಿರಲಿಲ್ಲ. ಏಕೆಂದರೆ ಅದು ಪಾಪಗಳ ಪಟ್ಟಿಯಲ್ಲಿ ಎಲ್ಲೂ ಸೇರುತ್ತಿರಲಿಲ್ಲ.

ಡಾಕ್ಟರು ಗಡ್ಡದ, ಮೆಲುದನಿಯ ಮನುಷ್ಯ. ಬೆಳಕನ್ನು ಕಣ್ಣಿನೊಳಕ್ಕೆ ಬಿಟ್ಟು ನೋಡಿ, ಒತ್ತಡ ಜಾಸ್ತಿ ಇದೆ, ಬಿಟ್ಟರೆ ಬದಿಯ ನೋಟ ಹೋಗುತ್ತದೆ, ಒಂದು ವಾರ ಹನಿ ಮತ್ತು ಮಾತ್ರೆ, ಆಮೇಲೆ ಲೇಸರ್ ಎಂದರು. "ಹೆದ್ರಬೇಡಿ ದೊನಾ ಇಲ್ಡಾ. ಆದ್ರೆ ಹನಿ ಹಾಕೋದು ಗಂಟೆ ಪ್ರಕಾರ, ತಪ್ಪೋ ಹಾಗಿಲ್ಲ. ಮನೆಯವರು ಯಾರಾದ್ರೂ ಕೇಳಿಸ್ಕೊಂಡ್ರೆ ಒಳ್ಳೇದು. ಜೊತೆಗೆ ಯಾರು ಬಂದಿದಾರೆ?"

"ನಮ್ಮಕ್ಕ."

"ಕರೀರಿ ಅವ್ರನ್ನ" ಎಂದರು ದಾದಿಗೆ. ದಾದಿಯ ಚಪ್ಪಲಿಯ ಸದ್ದು ದೂರ ಹೋಯಿತು, ನಿಂತಿತು, ಮತ್ತೆ ಹತ್ತಿರ ಬಂತು. "ಹೊರಗೆ ಯಾರೂ ಇಲ್ಲ ಡಾಕ್ಟ್ರೇ. ಇವರ ಮನೆ ಕೆಲಸದವಳು ಒಬ್ಳು ಕೂತಿದಾಳೆ ಅಷ್ಟೇ. ನಿಮ್ಮಕ್ಕ ಕೆಳಗೆ ಹೋಗಿದಾರಾ ದೊನಾ?"

ಹೊರಗೆ ಯಾರೂ ಇಲ್ಲ. ಇಲ್ಡಾಳಿಗೆ ಎದುರಿನ ಎರಡೂ ಮುಖ ಹಾಲಿನಲ್ಲಿ ಅದ್ದಿದಂತೆ ಕಾಣುತ್ತಿದ್ದವು; ಕಣ್ಣಿಲ್ಲ, ಬಾಯಿಲ್ಲ. ಅದರಿಂದಲೇ ಇರಬೇಕು ಆ ಮೂರು ಪದ ಅಷ್ಟು ಬಿಡಿಬಿಡಿಯಾಗಿ ಕೇಳಿಸಿದ್ದು. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ದಾದಿಯಾಗಿ, ಈ ಊರಿನ ಅರ್ಧ ಮಂದಿಗೆ ಸೂಜಿ ಚುಚ್ಚಿ, ಹಾಸಿಗೆ ಬದಲಾಯಿಸಿ, ಸತ್ತವರ ಕಣ್ಣು ಮುಚ್ಚಿ ಬಂದವಳು ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇದ್ದಾಳೆ, ಮತ್ತು ಹೊರಗೆ ಯಾರೂ ಇಲ್ಲ. "ಅವಳೇ" ಎಂದಳು ಇಲ್ಡಾ. ದಾದಿಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು. "ಕುರ್ಚಿ ಮೇಲಿದಾರಲ್ಲ, ಅವರೇ ನಮ್ಮಕ್ಕ. ಒಂದೇ ತಾಯಿ, ಒಂದೇ ತಂದೆ." ಎರಡನೆಯ ಮಾತನ್ನು ಯಾಕೆ ಸೇರಿಸಿದೆ ಎಂದು ಅವಳಿಗೇ ನಾಚಿಕೆಯಾಯಿತು, ಯಾರೂ ಕೇಳದ ಪುರಾವೆಯನ್ನು ತಾನೇ ಒಪ್ಪಿಸಿದಂತೆ. ಕೋಣೆಯಲ್ಲಿ ಯಾವುದೋ ಯಂತ್ರ ಗುಂಯ್ ಅನ್ನುತ್ತಿತ್ತು. ಡಾಕ್ಟರು, "ಓಹೋ, ಸರಿ ಸರಿ. ನಮ್ಮ ದೇಶ ಹೀಗೇ ಅಲ್ವಾ, ಎಲ್ಲಾ ಬೆರೆತಿದೆ" ಎಂದು ನಕ್ಕರು.

ಜುರೇಮಾ ಬಂದಳು. ಕುಳಿತುಕೊಳ್ಳಿ ಎಂದು ಅವಳಿಗೂ ಬಹುವಚನ ಬಂತು. ಅವಳು ಕುಳಿತುಕೊಳ್ಳಲಿಲ್ಲ. ಒತ್ತಡ ಎಷ್ಟಿದೆ, ಎರಡು ಕಣ್ಣಿಗೂ ಅಷ್ಟೇ ಇದೆಯೇ, ಹನಿಯಿಂದ ಎದೆಬಡಿತ ನಿಧಾನವಾಗುವುದೇ ಎಂದು ಒಂದೊಂದಾಗಿ ಕೇಳಿದಳು. ಡಾಕ್ಟರು ಹೇಳುತ್ತ ಹೋದರು, ಹೇಳುತ್ತ ಹೇಳುತ್ತ ದನಿ ಬದಲಾಯಿತು. ಮಾತ್ರೆಯ ಹೆಸರು ಬರೆಯುತ್ತಿದ್ದಾಗ ಅವಳು ಮುಂದಕ್ಕೆ ಬಾಗಿ, "ಇದು ಸಲ್ಫಾ ಜಾತಿದಲ್ವಾ ಡಾಕ್ಟ್ರೇ?" ಎಂದಳು.

"ಹೌದು, ಆ ಗುಂಪಿಗೇ ಸೇರುತ್ತೆ."

"ಇವಳಿಗೆ ಆಗಲ್ಲ. ಒಂಬತ್ತು ವರ್ಷದವಳಿದ್ದಾಗ ಕೊಟ್ಟು, ಬಾಯಿ ಗಂಟಲು ಎಲ್ಲಾ ಊದ್ಕೊಂಡು, ಮೂರು ದಿನ ಉಸಿರಿಗೆ ಒದ್ದಾಡಿದಾಳೆ. ನಾನೇ ಪಕ್ಕದಲ್ಲಿ ಕೂತಿದ್ದೆ."

ಡಾಕ್ಟರು ಪೆನ್ನು ಎತ್ತಿದರು. ಕಂಪ್ಯೂಟರಿನ ಕಡೆ ತಿರುಗಿ, "ಇಲ್ಲಿ ಏನೂ ಇಲ್ಲ ಅಂತ ಬರೆದಿದೆಯಲ್ಲ" ಎಂದರು. "ಮರ್ತಿರ್ತಾಳೆ" ಎಂದಳು ಜುರೇಮಾ. ಅವರು ಬರೆದಿದ್ದನ್ನು ಹರಿದು ಬೇರೆ ಬರೆದರು. "ಒಳ್ಳೇದಾಯ್ತು ನೀವು ಒಳಗೆ ಬಂದಿದ್ದು" ಎಂದರು. ಅಕ್ಕ ಹೊಸ ಮದ್ದಿನ ಚೀಟಿಯನ್ನು ಎತ್ತಿಕೊಂಡು ಒಂದೊಂದು ಸಾಲನ್ನೂ ಓದಿದಳು. ಇಲ್ಡಾಳಿಗೆ ನೆನಪಾಯಿತು: ಆ ಮೂರು ದಿನ ಹಾಸಿಗೆಯ ಅಂಚಿನಲ್ಲಿ ಒಂದು ಕಪ್ಪು ಪುಟ್ಟ ಕೈ ಒದ್ದೆ ಬಟ್ಟೆಯನ್ನು ಹಿಂಡಿ ಹಿಂಡಿ ತನ್ನ ಹಣೆಗೆ ಹಾಕುತ್ತಿತ್ತು. ಹದಿಮೂರು ವರ್ಷದ ಕೈ. ಆ ಕೈ ನೆನಪಿತ್ತು, ಮದ್ದಿನ ಹೆಸರು ಮರೆತಿತ್ತು. ಹೊರಗೆ ಬರುವಾಗ ಮೇಜಿನ ಹುಡುಗಿಯ ಹತ್ತಿರ ನಿಂತು ಏನಾದರೂ ಹೇಳಬೇಕೆಂದು ಅವಳು ಕಾಲು ತಡೆದಳು. "ಯಾಕೆ ನಿಂತೆ?" ಎಂದಳು ಜುರೇಮಾ. "ಆ ಹುಡುಗೀಗೆ ಹೇಳ್ತೀನಿ ಇರು." "ಯಾರಿಗೋಸ್ಕರ ಹೇಳ್ತೀಯ? ನಂಗಾದ್ರೆ ಬೇಡ, ನಂಗೆ ಹೊಟ್ಟೆ ಹಸೀತಿದೆ. ನಡಿ."

ನವೆಂಬರ್ ಹದಿನೈದು ಎಂಬ ಹೆಸರಿನ ರಸ್ತೆಯ ಮೂಲೆಯ ಔಷಧಿ ಅಂಗಡಿಗೆ ಇಬ್ಬರೂ ತೋಳು ಹಿಡಿದು ಹೋದರು. ಬಿಸಿಲು ಇಲ್ಡಾಳ ಕಣ್ಣಿಗೆ ಸುಣ್ಣ ಎರಚಿದ ಹಾಗೆ. ಮನುಷ್ಯರೆಲ್ಲ ಬರೀ ಆಕಾರ, ಬಣ್ಣದ ಮುದ್ದೆಗಳು. ಹನಿಯ ಡಬ್ಬವನ್ನು ಅಂಗಡಿಯವನು ಇಲ್ಡಾಳ ಕೈಗೆ ಕೊಟ್ಟ. ದುಡ್ಡು ಕಟ್ಟುವ ಸಾಲು ಬೇರೆ ಕಡೆ. ಜುರೇಮಾ ತನ್ನ ಕೀಲುನೋವಿಗೆ ಮುಲಾಮು ನೋಡಲು ಒಳಗಿನ ಸಾಲಿಗೆ ಹೋದಳು. ಕಂದು ಕೋಟು ಅಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಒಂದು ಕರಿ ಸಮವಸ್ತ್ರದ ಆಕಾರ ಅದರ ಹಿಂದೆ ಬಂದು ನಿಂತಿತು. ಕೋಟು ಎರಡು ಹೆಜ್ಜೆ ಸರಿಯಿತು, ಸಮವಸ್ತ್ರವೂ ಎರಡು ಹೆಜ್ಜೆ ಸರಿಯಿತು. ಜುರೇಮಾ ಯಾವುದನ್ನೂ ಕೈಯಲ್ಲಿ ಮುಟ್ಟದೆ, ಕೈಗಳನ್ನು ಹಿಂದೆ ಕಟ್ಟಿಕೊಂಡು, ಬಗ್ಗಿ ಬೆಲೆ ಓದುತ್ತಿದ್ದಳು. ಅಂಗಡಿಯಲ್ಲಿ ಏನನ್ನೂ ಮುಟ್ಟದ ರಾಣಿ ಎಂದು ಇದಕ್ಕೂ ಒಂದು ತಮಾಷೆ ಇತ್ತು ಮನೆಯಲ್ಲಿ. ಮುಖಗಳು ಸರಿಯಾಗಿ ಕಾಣುತ್ತಿದ್ದಾಗ ಇದನ್ನು ತಾನು ಒಂದು ಸಲವೂ ಕಂಡಿರಲಿಲ್ಲವಲ್ಲ ಎಂದು ಯೋಚಿಸುತ್ತ ಇಲ್ಡಾ ಪಕ್ಕದ ಹಲಗೆಯ ಮೇಲಿನ ಕ್ರೀಮಿನ ಮುಚ್ಚಳ ತೆಗೆದು ಮೂಸಿದಳು, ಅಭ್ಯಾಸದಂತೆ ಒಂದು ಚೂರು ಕೈಗೆ ಹಚ್ಚಿಕೊಂಡಳು, ವಾಪಸಿಟ್ಟಳು. ದುಡ್ಡು ಕಟ್ಟುವ ಸಾಲು ಎಲ್ಲಿದೆಯೆಂದು ಬೆಳಕಿದ್ದ ಕಡೆಗೆ ನಡೆದಳು. ಹನಿಯ ಡಬ್ಬ ಕೈಯಲ್ಲೇ ಇತ್ತು. ಕರಿ ಸಮವಸ್ತ್ರ ದಡಬಡನೆ ಬಂದು ಅವಳಿಗಿಂತ ಮುಂದಾಗಿ ಬಾಗಿಲನ್ನು ತೆರೆದು ಹಿಡಿಯಿತು. "ನಿಧಾನ ದೊನಾ, ಮೆಟ್ಟಿಲಿದೆ" ಎಂದಿತು. ಅವಳು ಬಲಗಾಲನ್ನು ಬೀದಿಗೆ ಇಟ್ಟಾಗಿತ್ತು.

"ಇಲ್ಡಾ" ಎಂದು ಒಳಗಿನಿಂದ ಅಕ್ಕನ ದನಿ ಕೇಳಿತು. "ಅದಕ್ಕೆ ದುಡ್ಡು ಕೊಟ್ಟಿಲ್ಲ."

ಅಂಗಡಿಯ ಕಾವಲಿನವನು ನಕ್ಕ. "ಪರ್ವಾಗಿಲ್ಲ ಬಿಡಿ ದೊನಾ, ಕಣ್ಣಿಗೆ ಮದ್ದು ಹಾಕಿದಾರಲ್ಲ, ಹಂಗೇ ಆಗತ್ತೆ." ಅವನೇ ಕೈ ಹಿಡಿದು ಸಾಲಿನವರೆಗೆ ಕರೆದೊಯ್ದ. ಜುರೇಮಾ ಮುಲಾಮಿನ ದುಡ್ಡು ಕಟ್ಟಿ, ರಸೀದಿಯನ್ನು ಎಲ್ಲರಿಗೂ ಕಾಣುವಂತೆ ಬೆರಳ ನಡುವೆ ಹಿಡಿದು ಹೊರಗೆ ಬಂದಳು.

ಮೂಲೆ ತಿರುಗಿದ ಮೇಲೆ ಅವಳು ನಗಲು ಶುರುಮಾಡಿದಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಕೊನೆಗೆ ದೀಪದ ಕಂಬವನ್ನು ಹಿಡಿದುಕೊಂಡು. "ಬಾಗಿಲು ತೆಗೆದುಕೊಟ್ನಲ್ಲೇ. ಕಳ್ಳೀಗೆ ಬಾಗಿಲು ತೆಗೆದುಕೊಟ್ಟು, ಮೆಟ್ಟಿಲಿದೆ ಹುಷಾರು ಅಂದ್ನಲ್ಲೇ." ಇಲ್ಡಾಳಿಗೂ ನಗು ತಡೆಯಲಾಗಲಿಲ್ಲ. ಅರವತ್ತು ದಾಟಿದ ಇಬ್ಬರು ಹೆಂಗಸರು ರಸ್ತೆಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತ ನಕ್ಕರು. ಹನಿಯ ನೀರೋ ನಗುವಿನ ನೀರೋ ತಿಳಿಯದೆ ಇಲ್ಡಾ ಕೆನ್ನೆ ಒರೆಸಿಕೊಂಡು, "ಅದೇ ನೀನು ಹಂಗೆ ಮಾಡಿದ್ರೆ?" ಎಂದಳು. ಮಾತು ಹೊರಗೆ ಬಿದ್ದ ಮೇಲೆ ನಗು ನಿಂತಿತು.

"ನಾನು ಹಂಗೆ ಮಾಡಲ್ಲ" ಎಂದಳು ಜುರೇಮಾ. "ಕಣ್ಣಿಗೆ ಹತ್ತು ಹನಿ ಹಾಕಿದ್ರೂ ಮಾಡಲ್ಲ. ನಂಗೆ ಮರೆಯೋ ಹಾಗಿಲ್ಲ."

ಸರೋವರದ ದಡದ ಲಾರಂಜಾಲಿಗೆ ಹೋಗುವ ಬಸ್ಸು ಖಾಲಿಯಿತ್ತು. ಕಿಟಕಿಯ ಪಕ್ಕ ಇಲ್ಡಾಳನ್ನು ಕೂರಿಸಿ ಜುರೇಮಾ ಚೀಲದಿಂದ ಎರಡು ಚೀಸಿನ ರೊಟ್ಟಿ ತೆಗೆದಳು. ಬಸ್ಸು ಹೊರಟಿತು. ನಡುದಾರಿಯ ಅರಿಯಾಲ್ ಬಡಾವಣೆಯಲ್ಲಿ ಇಬ್ಬರ ಮನೆಗೂ ನಡುವೆ ಎರಡು ಬೀದಿ. ಅಲ್ಲಿಗೆ ಅರ್ಧ ಗಂಟೆಯ ದಾರಿ. ರೊಟ್ಟಿ ಮುಗಿಯುವವರೆಗೂ ಇಲ್ಡಾ ಕಾದಳು. ಆಮೇಲೆ ಹೇಳಿದಳು, "ಆ ಹುಡುಗಿ ಕೇಳ್ದಾಗ ನಾನು ಹೇಳ್ತಿದ್ದೆ ಜು. ನೀನು ಮೊಣಕೈ ಅದುಮಿದೆ. ಸುಮ್ನಿರು ಅಂತ ಹೇಳ್ತಿದೀಯ ಅಂದ್ಕೊಂಡೆ."

"ನಿನ್ನ ಚೀಲ ಜಾರ್ತಿತ್ತು. ಮೇಲೆತ್ತಿದೆ."

ಅಷ್ಟೇ. ದೂರುವ ದನಿಯಲ್ಲ. ಬಸ್ಸು ಕಲ್ಲುಹಾಸಿನ ಮೇಲೆ ಗಡಗಡ ನಡುಗಿತು. ಇಲ್ಡಾಳಿಗೆ ಕಿಟಕಿಯ ಗಾಜಿಗೆ ಹಣೆ ಒತ್ತಿ ಹಾಗೇ ಇರಬೇಕೆನಿಸಿತು. ಅಮ್ಮನ ತಗಡಿನ ಡಬ್ಬದ ಕಥೆಯನ್ನು, ತಲೆಯಾಡಿಸಿದ್ದನ್ನು, ಗಾಜಿಗೆ ಹೇಳಿದ ಹಾಗೆ ಹೇಳಿದಳು. ಹೇಳಿ ಮುಗಿಸುವವರೆಗೂ ಅಕ್ಕನ ಕಡೆ ತಿರುಗಲಿಲ್ಲ, ತಿರುಗಿದ್ದರೂ ಕಾಣುತ್ತಿರಲಿಲ್ಲ.

"ಗೊತ್ತು" ಎಂದಳು ಜುರೇಮಾ. "ಅಮ್ಮ ಅವತ್ತೇ ಹೇಳಿದ್ಲು. ಅಡುಗೆ ಮನೇಲಿ ಕೂತ್ಕೊಂಡು. ಸದ್ಯ ನನ್ನ ಮಗು ಬಾಯಿಬಿಡಲಿಲ್ಲ, ಬಿಟ್ಟಿದ್ರೆ ನಾಳೆಯಿಂದ ಅವಳನ್ನೂ ಹಿಂದಿನ ಬೆಂಚಿಗೆ ಹಾಕ್ತಿದ್ರು, ಅಂದ್ಲು. ನಾನು ಹಿಂದಿನ ಬೆಂಚಲ್ಲೇ ಇದ್ದೆನಲ್ಲ, ನಂಗೆ ಸಿಟ್ಟು ಬಂತು. ಅವಳ ಮೇಲೆ, ನಿನ್ನ ಮೇಲೆ, ಇಬ್ಬರ ಮೇಲೂ. ಎರಡು ದಿನ ನಿನ್ನ ಜಡೆ ಹೆಣೆಯೋವಾಗ ಬಿಗಿಯಾಗಿ ಎಳೀತಿದ್ದೆ. ನೀನು ಅಳ್ತಿದ್ದೆ, ಯಾಕೆ ಅಂತ ಗೊತ್ತಿರಲಿಲ್ಲ."

"ಮೂರನೇ ದಿನ?"

"ಮೂರನೇ ದಿನ ಬಿಟ್ಬಿಟ್ಟೆ. ಏಳು ವರ್ಷದ್ದು ನೀನು."

ಇಲ್ಡಾ ಗಾಜಿನಿಂದ ಹಣೆ ತೆಗೆದಳು. ಅಮ್ಮನಿಗೆ ಕೇಳಿಸಿತ್ತು. ಕೇಳಿಸಿಯೂ ಕೈ ಬೆಚ್ಚಗೇ ಇತ್ತು. ಇಷ್ಟು ವರ್ಷ ಒಬ್ಬಳೇ ಹೊತ್ತುಕೊಂಡಿದ್ದೆ ಎಂದುಕೊಂಡಿದ್ದನ್ನು ಆ ಅಡುಗೆಮನೆಯಲ್ಲಿ ಅದೇ ಸಂಜೆ ಇನ್ನಿಬ್ಬರು ಕೆಳಗಿಳಿಸಿ ನೋಡಿ, ತನ್ನ ಪಾಲಿಗೆ ಏನೂ ಬಿಡದೆ ಎತ್ತಿಕೊಂಡು ಹೋಗಿದ್ದರು. "ಇನ್ನೂ ಹೇಳು" ಎಂದಳು.

"ಏನು ಹೇಳ್ಲಿ?"

"ನಂಗೆ ಗೊತ್ತಿಲ್ದೇ ಇರೋದು."

ಜುರೇಮಾ ರೊಟ್ಟಿ ಸುತ್ತಿದ್ದ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದಳು. ಆಮೇಲೆ, ಎಲ್ಲೋ ಇಟ್ಟಿದ್ದ ದಾರದುಂಡೆಯ ತುದಿ ಸಿಕ್ಕವಳಂತೆ, ಅಕ್ಕಿ ಗಿರಣಿಯ ಆಫೀಸಿನಿಂದ ಶುರುಮಾಡಿದಳು. ಆ ಆಫೀಸಿನಲ್ಲೇ ಇಲ್ಡಾ ಮೂವತ್ತೈದು ವರ್ಷ ಕೆಲಸ ಮಾಡಿದ್ದು. ಅಲ್ಲಿಯ ಪಿಂಚಣಿಯಿಂದಲೇ ಇವತ್ತಿನ ಏಳನೆಯ ಮಹಡಿಯ ಡಾಕ್ಟರ ಖರ್ಚು. ಟೈಪಿಂಗ್ ಕಲಿಸಿದವಳು ಜುರೇಮಾ, ಅಡುಗೆಮನೆಯ ಮೇಜಿನ ಮೇಲೆ ಬಾಡಿಗೆಯ ಯಂತ್ರ ಇಟ್ಟು, ತಂಗಿಯ ಬೆರಳುಗಳ ಮೇಲೆ ಬಟ್ಟೆ ಮುಚ್ಚಿ, ನೋಡದೇ ಹೊಡೆ ಎಂದು. ಅಕ್ಕನಿಗೆ ಆಫೀಸು ಕೆಲಸ ಇಷ್ಟವಿರಲಿಲ್ಲ, ಅವಳಿಗೆ ಆಸ್ಪತ್ರೆಯೇ ಇಷ್ಟ, ಎಂಬುದು ಮನೆಯ ಕಥೆ. ಇಲ್ಡಾ ಅದನ್ನು ತನ್ನ ಮಕ್ಕಳಿಗೂ ಹೇಳಿದ್ದಳು.

"ನಿನಗಿಂತ ಎರಡು ದಿನ ಮೊದಲು ನಾನೂ ಹೋಗಿದ್ದೆ ಆ ಆಫೀಸಿನ ಟೈಪಿಂಗ್ ಪರೀಕ್ಷೆಗೆ" ಎಂದಳು ಜುರೇಮಾ. "ನಾನೇ ಮೊದಲು ಮುಗಿಸ್ದೆ, ಒಂದೂ ತಪ್ಪಿರಲಿಲ್ಲ. ಕಾಗದ ನೋಡಿ ಆ ಮನುಷ್ಯ ಶಭಾಷ್ ಅಂದ. ಕತ್ತೆತ್ತಿ ನನ್ನ ಮುಖ ನೋಡಿದ. ಜಾಗ ನಿನ್ನೇನೇ ಭರ್ತಿಯಾಯ್ತಮ್ಮ, ಅಂದ. ಪತ್ರಿಕೇಲಿ ಲಕ್ಷಣವಾಗಿರೋ ಹುಡುಗಿ ಬೇಕು ಅಂತ ಹಾಕಿದ್ರಲ್ಲ, ಅದರ ಅರ್ಥ ಅವತ್ತು ಗೊತ್ತಾಯ್ತು. ಮನೆಗೆ ಬಂದು ನಿನಗೆ ಹೇಳ್ದೆ, ಹೋಗು, ಜಾಗ ಖಾಲಿ ಇದೆ ಅಂತ."

ಹಾಗೆ ಅಂದುಕೊಂಡಿರಲಿಕ್ಕಿಲ್ಲ ಅವರು. ನಿಜವಾಗಿಯೂ ಭರ್ತಿಯಾಗಿತ್ತೇನೋ, ಆಮೇಲೆ ಯಾರೋ ಬಿಟ್ಟಿರಬಹುದು. ಈ ವಾಕ್ಯ ಪೂರ್ತಿ ತಯಾರಾಗಿ ಇಲ್ಡಾಳ ನಾಲಿಗೆಯ ತುದಿಗೆ ಬಂದು ನಿಂತಿತು. ಎಷ್ಟು ಸಲ ಹೇಳಿದ ವಾಕ್ಯ. ಬಸ್ಸು ನಿಲ್ಲಿಸದೆ ಹೋದ ಡ್ರೈವರಿಗಾಗಿ, ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟ ಅಂಗಡಿಯವಳಿಗಾಗಿ, ಇವತ್ತು ಬೆಳಿಗ್ಗೆಯ ಹೊಸಬನಿಗಾಗಿ. ಊರಿನವರೆಲ್ಲರ ಪರವಾಗಿ ಅಕ್ಕನ ಎದುರು ತಾನು ವಕಾಲತ್ತು ಮಾಡುತ್ತ ಬಂದಿದ್ದಳು, ಮತ್ತು ಅಕ್ಕ ಒಂದೊಂದು ಸಲವೂ ಕೇಸನ್ನು ವಾಪಸು ತೆಗೆದುಕೊಂಡು ಸುಮ್ಮನಾಗಿದ್ದಳು. ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿಟ್ಟುಕೊಂಡಳು.

"ಹೇಳ್ಲಿಲ್ಲ ನೀನು" ಎಂದಳು ಜುರೇಮಾ.

"ಏನನ್ನ?"

"ಹಂಗಂದ್ಕೊಂಡಿರಲಿಕ್ಕಿಲ್ಲ ಅವರು, ಅಂತ."

"ಇಲ್ಲ."

ಪಕ್ಕದಲ್ಲಿ ಕೋಟಿನ ಮೇಲಿನ ಎರಡು ಗುಂಡಿ ಬಿಚ್ಚಿದ ಸದ್ದು ಕೇಳಿತು. ಆಮೇಲೆ ಅಕ್ಕನ ಮಾತಿಗೆ ಬೇರೆಯೇ ಓಟ ಬಂತು. ಹಗುರವಾಗಿ, ನಡುನಡುವೆ ನಗುತ್ತ, ಆಸ್ಪತ್ರೆಯಲ್ಲಿ ನೀನು ನನ್ನನ್ನು ಮುಟ್ಟಕೂಡದು ಎಂದು ಹಟ ಹಿಡಿದ ಮುದುಕಿ ಕಡೆಯ ದಿನ ಅಕ್ಕನ ಅಂಗಿಯ ಅಂಚು ಬಿಡದಿದ್ದುದು, ತನ್ನ ಮಗನಿಗೆ ಹದಿನೈದಾದಾಗ ಬೀದಿಯಲ್ಲಿ ಓಡಬೇಡ, ಓಡಿದರೆ ಕಳ್ಳ ಅಂತಾರೆ, ಮಳೆ ಬಂದರೂ ನಡೆದುಕೊಂಡೇ ಬಾ ಎಂದು ಕಲಿಸಿದ್ದು, ಅದೇ ವಾರ ಇಲ್ಡಾಳ ಮಗ ಓಟದಲ್ಲಿ ಟ್ರೋಫಿ ಗೆದ್ದು ತಂದದ್ದು, ತಾನು ಅವನಿಗೆ ಕೇಕು ಮಾಡಿದ್ದು. ಆ ಕೇಕು ಇಲ್ಡಾಳಿಗೆ ನೆನಪಿತ್ತು. ಮೇಲೆ ಕಿತ್ತಳೆ ಸಿಪ್ಪೆ ಹಾಕಿದ್ದಳು. ತಿಂದ ಬಾಯಿಗೆ ಈಗ ಹೊಸದಾಗಿ ರುಚಿ ಬಂದಂತಾಯಿತು, ಕಹಿಯೂ ಸಿಹಿಯೂ ಅಲ್ಲದ ರುಚಿ. ಇವಳು ಇದನ್ನೆಲ್ಲ ನನಗೆ ಹೇಳಬೇಕಾಗಿರಲಿಲ್ಲ. ಹೇಳದೆಯೂ ಬದುಕಿದ್ದಳು, ಚೆನ್ನಾಗಿಯೇ. ಈಗ ಹೇಳುತ್ತಿದ್ದಾಳೆ, ನನಗೆ. ಕಾವಲಿನವನು ಬಾಗಿಲು ತೆರೆದಾಗ ಹೇಳಿದ, ಕಾಫಿ ಕೊಟ್ಟವರಿಗೆ ಹೇಳಿದ ಅದೇ ಧನ್ಯವಾದವನ್ನು ಇದಕ್ಕೆ ಹೇಳುವುದು ಹೇಗೆ. ಅವಳು ಕೈ ಚಾಚಿ ಅಕ್ಕನ ಮಂಡಿಯ ಮೇಲಿಟ್ಟಳು. ಜುರೇಮಾ ಮಾತು ನಿಲ್ಲಿಸದೆ, ಆ ಕೈಯನ್ನು ಎತ್ತಿ ತನ್ನ ಕೋಟಿನ ಜೇಬಿನೊಳಗೆ ತುರುಕಿದಳು, ಚಳಿಗೆ.

ಸುಟ್ಟ ಸಕ್ಕರೆಯ ವಾಸನೆ ಬಂತು. ಅರಿಯಾಲಿನ ಬೇಕರಿ. ಬಸ್ಸು ಎಡಕ್ಕೆ ಹೊರಳಿ ನಿಂತಿತು, ಯಾರೋ ಇಳಿದರು, ಬಾಗಿಲು ಉಸ್ಸೆಂದು ಮುಚ್ಚಿತು. ಅದು ತಮ್ಮ ಸ್ಟಾಪು. ಇಲ್ಡಾ ಕದಲಲಿಲ್ಲ. ಜುರೇಮಾ ಆಗ ತನ್ನ ಕಥೆಯಲ್ಲಿ ಬ್ಯಾಂಕಿನ ಬಾಗಿಲಿನಲ್ಲಿದ್ದಳು. ಲೋಹದ ಸಾಮಾನಿದ್ದರೆ ತಾನೇ ನಿಲ್ಲುವ, ಸುತ್ತುವ ಗಾಜಿನ ಬಾಗಿಲು, ಅವಳು ಒಳಗೆ ಹೊಕ್ಕ ಕೂಡಲೇ ಗಕ್ಕನೆ ನಿಂತುಬಿಟ್ಟದ್ದು, ಹಿಂದಿನ ಸಾಲೆಲ್ಲ ನೋಡುತ್ತಿದ್ದದ್ದು, ತಾನು ಚೀಲದಿಂದ ಒಂದೊಂದೇ ವಸ್ತು ತೆಗೆದು ಟ್ರೇಯಲ್ಲಿ ಇಡುತ್ತ ಹೋದದ್ದು. ಮನೆಗಳು ಕಡಿಮೆಯಾದವು. ಕಿಟಕಿಯ ಆಚೆ ಹಸಿರು, ಆಮೇಲೆ ಬೂದು, ಆಮೇಲೆ ಇಡೀ ಗಾಜಿನ ತುಂಬ ಒಂದೇ ಬೆಳಕು.

"ಕೊನೇ ಸ್ಟಾಪು, ಅಮ್ಮಂದಿರಾ" ಎಂದ ಡ್ರೈವರು.

ಇಳಿದರು. ಸರೋವರದ ಗಾಳಿ ಇಬ್ಬರನ್ನೂ ಒಂದೇ ರಭಸದಲ್ಲಿ ತಳ್ಳಿತು. ಎದುರಿಗೆ ಆಚೆಯ ದಡ ಕಾಣದ ನೀರು. ಕಣ್ಣು ಸರಿಯಿದ್ದವರಿಗೂ ಕಾಣುವುದಿಲ್ಲ. ಜುರೇಮಾ ಸುತ್ತ ನೋಡಿ, "ಇದೇನಿದು, ಲಾರಂಜಾಲಿಗೇ ಬಂದ್ವಿ" ಎಂದಳು. "ನಮ್ಮ ಸ್ಟಾಪು ದಾಟಿದ್ದು ನಿಂಗೆ ಗೊತ್ತಾಗ್ಲಿಲ್ವೇನೇ?"

"ಗೊತ್ತಾಯ್ತು."

"ಮತ್ತೆ ಹೇಳ್ಬಾರ್ದಿತ್ತಾ?"

"ನೀನು ಮಾತಾಡ್ತಿದ್ದೆ."

ಜುರೇಮಾ ಅವಳನ್ನೇ ನೋಡುತ್ತ ನಿಂತಳು. ಆ ಮುಖದಲ್ಲಿ ಏನಿತ್ತೋ ಇಲ್ಡಾಳ ಹಿಗ್ಗಿದ ಕಣ್ಣಿಗೆ ತಿಳಿಯಲಿಲ್ಲ. ವಾಪಸು ಬಸ್ಸು ಇಪ್ಪತ್ತು ನಿಮಿಷಕ್ಕೆ. ಕಲ್ಲುಬೆಂಚಿನ ಮೇಲಿನ ಮರಳನ್ನು ಅಕ್ಕ ಅಂಗೈಯಲ್ಲಿ ಒರೆಸಿ, ತಂಗಿಯನ್ನು ಕೂರಿಸಿ, ತಾನು ಗಾಳಿ ಬರುವ ಬದಿಗೆ ಕುಳಿತಳು.

"ಎಲ್ಲಿದ್ದೆ ನಾನು?" ಎಂದಳು.

"ಬ್ಯಾಂಕಿನ ಬಾಗಿಲಲ್ಲಿ" ಎಂದಳು ಇಲ್ಡಾ. "ಒಳಗೆ ಸಿಕ್ಕಿಹಾಕ್ಕೊಂಡಿದ್ದೆ."